ಮಂಗ ಸತ್ತರೆ ಅದು ಊರಿನ ಸುದ್ದಿ

ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ, ಮೇಲುಕಾಮನಹಳ್ಳಿ, ಮದ್ದೂರು ಮೊದಲಾದ ಊರುಗಳ ಹೊಲ ಮುಗಿಯುವಲ್ಲಿಯೇ ಬಂಡೀಪುರದ ಕಾಡು ಆರಂಭವಾಗುತ್ತದೆ. ಆನೆ ಬಾರದಿರಲೆಂದು ಈ ಗಡಿಯುದ್ದಕ್ಕೂ ಕಂದಕ, ಸೌರಬೇಲಿ, ರೈಲುಕಂಬಿಯ ತಡೆಗಳನ್ನು ಮಾಡಲಾಗಿದೆ. ಹುಲಿ ಹಸುವನ್ನು ಕೊಂದರೆ ಪರಿಹಾರ ಕೊಡುವ ಕ್ರಮವೂ ಇದೆ. ಆದರೆ ಎಳ್ಳುಕಾಳಿನಷ್ಟು ಗಾತ್ರದ ಎಳೆಯ ಉಣ್ಣಿಯೊಂದು ಮುಸುವದ ಮೈಯಿಂದ ತರಗೆಲೆಗೆ, ತರಗೆಲೆಯಿಂದ ಮನುಷ್ಯನ ಕಾಲಿಗೆ ದಾಟುವುದನ್ನು ತಡೆಯುವ ಬೇಲಿ ಯಾವುದೂ ಇಲ್ಲ. ಕಾಡುಪ್ರಾಣಿ, ದನಕರು ಮತ್ತು ಮನುಷ್ಯ ಒಂದೇ ಹುಲ್ಲುಗಾವಲು, ಒಂದೇ ನೀರು, ಒಂದೇ ಕಾಲುದಾರಿಯನ್ನು ಹಂಚಿಕೊಂಡಿರುವ ಈ ನೆಲದಲ್ಲಿ ರಕ್ತ ಹೀರುವ ಸಣ್ಣ ಜೀವಿಗಳು ಈ ಮೂವರ ಆರೋಗ್ಯವನ್ನೂ ಒಂದೇ ಎಳೆಯಲ್ಲಿ ಕಟ್ಟಿಹಾಕಿವೆ. ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಕೀಟಗಳ ಕಡಿತವನ್ನು ತುರಿಕೆ, ಬಾವುಗಳ ಸಣ್ಣ ತೊಂದರೆಯೆಂದು ತಳ್ಳಿಹಾಕಲಾಗದು ಎಂಬುದನ್ನು 2012ರ ಚಳಿಗಾಲ ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಕೀಟ ಎಂಬ ಹೆಸರು ಆಡುಮಾತಿನಲ್ಲಿ ಬಹಳ ವಿಶಾಲವಾದುದು. ಶಾಸ್ತ್ರದ ಪ್ರಕಾರ ಸೊಳ್ಳೆ, ನೊಣ, ಚಿಗಟ, ಹೇನು, ಜೇನು ಇವು ಆರು ಕಾಲಿನ ಕೀಟಗಳು. ಉಣ್ಣಿ ಮತ್ತು ನುಸಿಗಳು ಬೆಳೆದಾಗ ಎಂಟು ಕಾಲುಳ್ಳವು, ಅಂದರೆ ಜೇಡ, ಚೇಳುಗಳ ಬಳಗಕ್ಕೆ ಸೇರಿದವು. ಈ ಎರಡೂ ಗುಂಪುಗಳನ್ನು ಒಳಗೊಂಡ, ಕೀಲುಳ್ಳ ಕಾಲಿನ ಪ್ರಾಣಿಗಳ ದೊಡ್ಡ ವರ್ಗವನ್ನು ಸಂಧಿಪದಿಗಳೆಂದು ಕರೆಯುತ್ತಾರೆ. ಇವುಗಳ ಕಡಿತ ದೇಹವನ್ನು ಕೆಡಿಸುವ ಬಗೆಯೂ ಒಂದೇ ಅಲ್ಲ. ಹೆಜ್ಜೇನಿನಂಥವು ವಿಷವನ್ನೇ ಚುಚ್ಚುತ್ತವೆ; ಆ ವಿಷಕ್ಕೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿ ಉಸಿರು ಕಟ್ಟುವ ಸ್ಥಿತಿ ಉಂಟಾದರೆ ಒಂದೇ ಕುಟುಕೂ ಪ್ರಾಣಾಪಾಯ ತರಬಲ್ಲದು. ಉಣ್ಣಿ, ಸೊಳ್ಳೆಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೊಲ್ಲನ್ನು ಚರ್ಮದೊಳಕ್ಕೆ ಬಿಡುತ್ತವೆ; ಉಣ್ಣಿಯ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ ಅಂಶವೂ ಇರುವುದರಿಂದ ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಅಂಟಿಕೊಂಡಿದ್ದರೂ ಅರಿವಿಗೆ ಬರುವುದಿಲ್ಲ. ಆ ಜೊಲ್ಲಿನೊಡನೆ ವೈರಸ್, ಬ್ಯಾಕ್ಟೀರಿಯಾ ಅಥವಾ ಏಕಕೋಶದ ಪರೋಪಜೀವಿ ಮೈಯೊಳಗೆ ಇಳಿದಾಗ ಕಡಿದ ಜೀವಿಯು ರೋಗವಾಹಕ ಎನಿಸಿಕೊಳ್ಳುತ್ತದೆ. ಇಂದಿನ ದೊಡ್ಡ ಚಿಂತೆ ಇರುವುದು ಇಲ್ಲಿಯೇ.

ಕಡಿತದಿಂದ ರೋಗ ಹರಡುತ್ತದೆ ಎಂಬ ಅರಿವು ವೈದ್ಯಶಾಸ್ತ್ರಕ್ಕೆ ದಕ್ಕಿದ್ದರಲ್ಲಿ ದನದ ಕೊಟ್ಟಿಗೆಯ ಪಾಲು ದೊಡ್ಡದು. ಅಮೆರಿಕದ ಟೆಕ್ಸಸ್ ಕಡೆಯ ಜಾನುವಾರುಗಳನ್ನು ಕೊಲ್ಲುತ್ತಿದ್ದ ಜ್ವರಕ್ಕೆ ಉಣ್ಣಿಯೇ ವಾಹಕವೆಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ತೋರಿಸಿದರು. ಅದಾದ ನಾಲ್ಕು ವರ್ಷಗಳ ತರುವಾಯ, 1897ರಲ್ಲಿ, ರಜೆಯ ಮೇಲೆ ಊಟಿಗೆ ಬಂದಿದ್ದ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾದ ಮೂಲವನ್ನು ಹುಡುಕುತ್ತಾ ಸೀಗೂರು ಘಾಟಿಗೆ ಇಳಿದು, ತಾನೇ ಆ ಜ್ವರಕ್ಕೆ ತುತ್ತಾದ. ಬಂಡೀಪುರದ ದಕ್ಷಿಣಕ್ಕೆ ಹರಿಯುವ ಮೋಯಾರ್ ನದಿಯ ಆಚೆ ಬದಿಯಲ್ಲಿಯೇ ಸೀಗೂರಿನ ಕಾಡು ಇದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡ ರಾಸ್‌ಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯನ ರೋಗವನ್ನು ಅರಿಯಲು ಪ್ರಾಣಿಯ ರೋಗವನ್ನು ಗಮನಿಸಬೇಕೆಂಬ ಪಾಠ ಅಂದಿನಿಂದಲೂ ಇದೆ. ಅದನ್ನು ಆಡಳಿತದ ರೂಢಿಯಾಗಿಸುವ ಕೆಲಸ ಮಾತ್ರ ಇನ್ನೂ ಪೂರ್ತಿಯಾಗಿಲ್ಲ.

ಕನ್ನಡನಾಡು ಈ ಪಾಠವನ್ನು ತನ್ನದೇ ನೋವಿನಿಂದ ಕಲಿತದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರ, ಮೈಕೈ ನೋವು, ರಕ್ತಸ್ರಾವಗಳಿಂದ ಬಳಲಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಅಲ್ಲಿಂದ ಹೊಸದೊಂದು ವೈರಸ್ಸನ್ನು ಬೇರ್ಪಡಿಸಿ, ಕಾಡಿನ ಹೆಸರನ್ನೇ ಅದಕ್ಕಿಟ್ಟಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ರಷ್ಯಾದ ಉಣ್ಣಿಜ್ವರದ ವೈರಸ್ಸಿಗೆ ಇದು ಹತ್ತಿರದ ನೆಂಟನಾದ್ದರಿಂದ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೆಂಬ ಶಂಕೆ ಆಗ ಎದ್ದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಗೊಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನಕ್ಕೆ ಪ್ರೇರಣೆಯಾದದ್ದು ಈ ಶಂಕೆಯೇ. ಆದರೆ ಉತ್ತರ ದೂರದ ಸೈಬೀರಿಯಾದಲ್ಲಿರಲಿಲ್ಲ. ಈ ಕಾಡುಗಳಲ್ಲಿ ದುಡಿದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲಿ ಬರೆದಂತೆ, ಕಾಡನ್ನು ಕಡಿದು ಹೊಲ ಮಾಡಿ, ದನಗಳನ್ನು ಕಾಡಿನೊಳಕ್ಕೆ ಮೇಯಲು ಬಿಟ್ಟ ಕಡೆಗಳಲ್ಲಿ ಉಣ್ಣಿಗಳ ಸಂಖ್ಯೆ ಏರಿ, ಅಲ್ಲಿಯವರೆಗೆ ಸದ್ದಿಲ್ಲದೆ ಕಾಡಿನ ಸಣ್ಣ ಪ್ರಾಣಿಗಳಲ್ಲಿ ಸುತ್ತುತ್ತಿದ್ದ ವೈರಸ್ ಮಂಗ ಮತ್ತು ಮನುಷ್ಯರನ್ನು ಮುಟ್ಟಿತು.

ಈ ರೋಗದ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿ. ಮಲೆನಾಡಿನವರು ಉಣುಗು ಎನ್ನುವುದು ಇದರ ಬಳಗವನ್ನೇ. ಇದರ ಬದುಕು ಮೂರು ಮೈಗಳ ಮೇಲೆ ನಡೆಯುತ್ತದೆ. ತರಗೆಲೆಯ ನಡುವೆ ಇಟ್ಟ ಸಾವಿರಾರು ಮೊಟ್ಟೆಗಳಿಂದ ಹೊರಬಂದ ಆರು ಕಾಲಿನ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳ ರಕ್ತ ಕುಡಿದು ಉದುರುತ್ತವೆ. ಪೊರೆ ಕಳಚಿ ಎಂಟು ಕಾಲು ಪಡೆದ ಎಳೆ ಉಣ್ಣಿಗಳು, ವಿಜ್ಞಾನಿಗಳ ಮಾತಿನಲ್ಲಿ ನಿಂಫ್‌ಗಳು, ಮತ್ತೊಂದು ಮೈಯನ್ನು ಹುಡುಕುತ್ತವೆ; ಬಲಿತ ಮೇಲೆ ದನ, ಕಾಟಿ, ಜಿಂಕೆಗಳಂಥ ದೊಡ್ಡ ಪ್ರಾಣಿಗಳಿಗೆ ಅಂಟಿಕೊಳ್ಳುತ್ತವೆ. ಒಮ್ಮೆ ವೈರಸ್ ಹೊಕ್ಕ ಉಣ್ಣಿ ಪೊರೆ ಕಳಚಿದರೂ ಅದನ್ನು ಕಳೆದುಕೊಳ್ಳುವುದಿಲ್ಲ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ನಡುಹಂತದ ಎಳೆ ಉಣ್ಣಿ. ಅದು ಕಣ್ಣಿಗೆ ಬೀಳದಷ್ಟು ಸಣ್ಣದಾಗಿರುವುದೇ ದೊಡ್ಡ ಅಪಾಯ. ಮುಸುವ ಮತ್ತು ಕೆಂಪುಮೂತಿಯ ಕೋತಿ ಈ ವೈರಸ್ಸಿಗೆ ಬೇಗ ಬಲಿಯಾಗುತ್ತವೆ. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣಿಗಳೆಲ್ಲ ಇಳಿದು ಸುತ್ತಲಿನ ನೆಲದಲ್ಲಿ ಹರಡುವುದರಿಂದ ಆ ಜಾಗವೇ ಕೆಲಕಾಲ ರೋಗದ ತಾಣವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ವೈರಸ್ಸಿನ ಪಯಣ ಮನುಷ್ಯನಲ್ಲಿ ಕೊನೆಗೊಳ್ಳುತ್ತದೆ. ಹಾಗಾಗಿ ರೋಗಿಯನ್ನು ದೂರವಿಡುವುದರಲ್ಲಿ ಯಾವ ಅರ್ಥವೂ ಇಲ್ಲ.

ಸುಮಾರು ಐದು ದಶಕಗಳ ಕಾಲ ಮಂಗನ ಕಾಯಿಲೆಯೆಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಸಂಕಟವೆಂದೇ ತಿಳಿಯಲಾಗಿತ್ತು. 2012ರ ನವೆಂಬರ್ ಹೊತ್ತಿಗೆ ಬಂಡೀಪುರದಲ್ಲಿ ಮಂಗಗಳು ಸತ್ತವು. ಆ ದೇಹಗಳನ್ನು ಎತ್ತಿ, ಸುಟ್ಟು ವಿಲೇವಾರಿ ಮಾಡುವ ಕೆಲಸದಲ್ಲಿದ್ದವರಲ್ಲಿ ಕೆಲವರು ಡಿಸೆಂಬರ್‌ನಲ್ಲಿ ಜ್ವರದಿಂದ ಮಲಗಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆ ಅದು ಮಂಗನ ಕಾಯಿಲೆಯೆಂದು ಖಚಿತಪಡಿಸಿತು. ಕ್ಯಾಸನೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಈ ಕಾಡಿನಲ್ಲಿ ರೋಗ ಕಾಣಿಸಿಕೊಂಡದ್ದು ವೈದ್ಯಲೋಕಕ್ಕೆ ಅನಿರೀಕ್ಷಿತವಾಗಿತ್ತು. ಮುಂದಿನ ತಿಂಗಳುಗಳಲ್ಲಿ ನೆರೆಯ ನೀಲಗಿರಿಯ ಮಂಗಗಳಲ್ಲಿ ಮತ್ತು ವಯನಾಡಿನಲ್ಲಿಯೂ ವೈರಸ್ ಪತ್ತೆಯಾಯಿತು. ಬಂಡೀಪುರ, ಮುದುಮಲೆ, ವಯನಾಡುಗಳು ನಕ್ಷೆಯಲ್ಲಿ ಮೂರು ರಾಜ್ಯಗಳಿಗೆ ಸೇರಿದರೂ ಪ್ರಾಣಿಗಳ ಪಾಲಿಗೆ ಅದು ಒಂದೇ ಕಾಡು. ಬಂಡೀಪುರ ಕೊಟ್ಟ ಎಚ್ಚರಿಕೆಯ ಬೆಲೆ ಎಷ್ಟೆಂಬುದು 2015ರಲ್ಲಿ ವಯನಾಡಿನಲ್ಲಿ ತಿಳಿಯಿತು: ಆ ಋತುವಿನಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮಂದಿ ರೋಗಕ್ಕೆ ತುತ್ತಾದರು, ಹಲವರು ಸತ್ತರು, ಅವರಲ್ಲಿ ಬಹುಪಾಲು ಕಾಡನ್ನೇ ನಂಬಿದ ಕಾಟ್ಟುನಾಯ್ಕ ಮೊದಲಾದ ಬುಡಕಟ್ಟುಗಳವರು. ಬಂಡೀಪುರದಲ್ಲಿಯೂ ಮೊದಲು ಕಾಯಿಲೆ ಬಿದ್ದವರು ಪ್ರವಾಸಿಗಳಲ್ಲ, ಕಾಡಿನ ಕೆಲಸಗಾರರು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ರೋಗದ ಋತುವೂ ದುಡಿಮೆಯ ಋತುವೂ ಒಂದೇ ಆಗಿರುವುದು ಈ ಅನ್ಯಾಯದ ಮೂಲ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಎಳೆ ಉಣ್ಣಿಗಳು ಅತಿ ಹೆಚ್ಚು ಚುರುಕಾಗಿರುತ್ತವೆ. ಬೆಂಕಿ ರೇಖೆ ಕಡಿಯುವ, ಕಾಳ್ಗಿಚ್ಚು ಕಾಯುವ ಹಂಗಾಮಿ ಕೆಲಸಗಾರರು ಕಾಡಿನೊಳಗೆ ಇರುವುದೂ ಇದೇ ತಿಂಗಳುಗಳಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿಕಾಯಿ, ಸೀಗೆಕಾಯಿ ಸಂಗ್ರಹಿಸುವುದು, ಬೇಸಿಗೆ ಏರಿದಂತೆ ಜೇನು ಇಳಿಸುವುದು, ಕಾಡಂಚಿನ ಹೆಂಗಸರು ಸೌದೆಗೆ ಹೋಗುವುದು, ಮೇವು ಬತ್ತಿದ ಹೊಲದಿಂದ ದನಗಳನ್ನು ಕಾಡಿನ ಕಡೆಗೆ ಹೊಡೆಯುವುದು, ಇವೆಲ್ಲವೂ ಒಣಗಾಲದ ಕೆಲಸಗಳೇ. ಕಾಡಿಗೆ ಹೋಗಬೇಡಿ ಎಂಬ ಸಲಹೆ ನಗರದಲ್ಲಿ ಕುಳಿತವರಿಗೆ ಸುಲಭ. ಕಾಡಿನಿಂದಲೇ ಒಲೆ ಉರಿಯಬೇಕಾದವರಿಗೆ, ಕಾಡನ್ನು ಕಾಯುವುದೇ ಕೂಲಿಯಾದವರಿಗೆ ಅದು ಸಲಹೆಯೇ ಅಲ್ಲ. ಕಾಡನ್ನು ಬೆಂಕಿಯಿಂದ ಉಳಿಸುವ ಕೈಗಳಿಗೆ ಉದ್ದತೋಳಿನ ಬಟ್ಟೆ, ಕಾಲುಚೀಲ, ಬೂಟು, ಉಣ್ಣಿ ಬಾರದಂತೆ ಹಚ್ಚಿಕೊಳ್ಳುವ ಡೇಪಾ ತೈಲ ಇವು ಋತುವಿನ ಮೊದಲ ದಿನವೇ ಸಿಗುವಂತಾಗಬೇಕಾದದ್ದು ಉಪಕಾರವಲ್ಲ, ಅವರ ಹಕ್ಕು.

ದನದ ಪಾತ್ರ ಇಲ್ಲಿ ಸೂಕ್ಷ್ಮವಾದುದು. ಮಂಗನ ಕಾಯಿಲೆ ದನವನ್ನು ಬಾಧಿಸುವುದಿಲ್ಲ. ಆದರೆ ಕಾಡಿನಲ್ಲಿ ಮೇದು ಬರುವ ದನದ ರಕ್ತ ಬಲಿತ ಉಣ್ಣಿಗಳಿಗೆ ಆಹಾರವಾಗಿ, ಅವುಗಳ ಸಂತತಿ ಬೆಳೆಯಲು ನೆರವಾಗುತ್ತದೆ. ಗುಂಡ್ಲುಪೇಟೆ ಸೀಮೆಯಲ್ಲಿ ಕಾಡಿಗೆ ಹೋಗುವ ದನಗಳ ಲೆಕ್ಕ ಕೇವಲ ಹಾಲು, ಉಳುಮೆಯ ಲೆಕ್ಕವಲ್ಲ. 1990ರ ದಶಕದಲ್ಲಿ ಕಾಫಿಯ ಬೆಲೆ ಏರಿ, ತೋಟಗಾರರು ಕೊಟ್ಟಿಗೆ ಗೊಬ್ಬರಕ್ಕೆ ಒಳ್ಳೆಯ ದರ ಕೊಡತೊಡಗಿದಾಗ, ಇಲ್ಲಿನ ಹಳ್ಳಿಗಳಲ್ಲಿ ಸಗಣಿಗಾಗಿಯೇ ದನ ಸಾಕುವುದು ಲಾಭದ ಕಸುಬಾಯಿತೆಂಬುದನ್ನು ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ವಿವರಿಸಿದೆ. ಬಂಡೀಪುರದ ಹುಲ್ಲು ದನದ ಹೊಟ್ಟೆಯ ಮೂಲಕ ಸಗಣಿಯಾಗಿ ಕಾಫಿ ತೋಟ ಸೇರುತ್ತಿತ್ತು. ಜಗತ್ತಿನ ಮಾರುಕಟ್ಟೆಯ ಏರಿಳಿತ ಕಾಡಿನೊಳಗಿನ ದನಗಳ ಸಂಖ್ಯೆಯನ್ನು ತೀರ್ಮಾನಿಸುತ್ತಿತ್ತು. ಆ ಅಧ್ಯಯನ ಉಣ್ಣಿಗಳನ್ನು ಕುರಿತದ್ದಲ್ಲ; ಆದರೆ ಬೊಶೆಲ್‌ರ ಮಾತನ್ನು ಅದರ ಪಕ್ಕದಲ್ಲಿಟ್ಟು ಓದಿದರೆ, ಉಣ್ಣಿಗೆ ಮೇವು ಒದಗಿಸುವ ಬಲಗಳು ಊರಿನ ಬಡ ದನಗಾಹಿಯ ಕೈಮೀರಿದವೆಂಬುದು ತಿಳಿಯುತ್ತದೆ. ಆದ್ದರಿಂದ ರೋಗಕ್ಕೆ ದನಗಾಹಿಯನ್ನು ಹೊಣೆ ಮಾಡುವ ಮಾತು ನ್ಯಾಯವೂ ಅಲ್ಲ, ಉಪಯುಕ್ತವೂ ಅಲ್ಲ.

ದನಕ್ಕೆ ತನ್ನದೇ ಆದ ಉಣ್ಣಿರೋಗಗಳ ಹೊರೆ ಇದೆ. ಬೆಬೀಸಿಯಾ ಎಂಬ ಏಕಕೋಶ ಜೀವಿ ಉಣ್ಣಿಯ ಮೂಲಕ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುವುದರಿಂದ ಹಸುವಿನ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸ್ಮಿತ್ ಟೆಕ್ಸಸ್ ಜ್ವರದಲ್ಲಿ ಕಂಡದ್ದು ಇದನ್ನೇ. ಥೈಲೇರಿಯಾ ಎಂಬ ಇನ್ನೊಂದು ಜೀವಿ ದುಗ್ಧಗ್ರಂಥಿಗಳನ್ನು, ಅಂದರೆ ಕತ್ತು ಮತ್ತು ಭುಜದ ಬಳಿಯ ರೋಗನಿರೋಧಕ ಗಂಟುಗಳನ್ನು, ಊದಿಸಿ, ತೀವ್ರ ಜ್ವರ, ರಕ್ತಹೀನತೆಗಳಿಂದ ಪ್ರಾಣಿಯನ್ನು ಕುಗ್ಗಿಸುತ್ತದೆ. ನಾಟಿ ತಳಿಗಳು ಇದನ್ನು ಒಂದಿಷ್ಟು ತಾಳಿಕೊಂಡಾವು; ಹೆಚ್ಚು ಹಾಲಿನ ಆಸೆಗೆ ತಂದ ಮಿಶ್ರತಳಿಯ ಹಸುಗಳು ಬೇಗ ನೆಲ ಹಿಡಿಯುತ್ತವೆ. ಸಾಲ ಮಾಡಿ ಕೊಂಡ ಒಂದು ಹಸು, ಡೇರಿಗೆ ಹಾಕುವ ಹಾಲು, ವಾರದ ಬಟವಾಡೆ, ಇಷ್ಟರ ಮೇಲೆ ನಿಂತ ಮನೆಗೆ ಒಂದು ಉಣ್ಣಿಜ್ವರ ಎಂದರೆ ಒಂದು ವರ್ಷದ ಬಾಳೇ ಹೋದಂತೆ. ಕುರಿಗಳಲ್ಲಿ ಕೂಲಿಕಾಯ್ಡಿಸ್ ಎಂಬ ಅತಿ ಸಣ್ಣ ನೊಣ ನೀಲಿ ನಾಲಿಗೆ ರೋಗವನ್ನು ಹರಡುತ್ತದೆ. ದನನೊಣದ ಕಡಿತದಿಂದ ಸರ್ರಾ ರೋಗ ಬರುತ್ತದೆ. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡು, 2022ರಲ್ಲಿ ಕರ್ನಾಟಕವನ್ನೂ ತೀವ್ರವಾಗಿ ಕಾಡಿದ ಚರ್ಮಗಂಟು ರೋಗಕ್ಕೂ ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳೇ ಮುಖ್ಯ ವಾಹಕಗಳು.

ಉಣ್ಣಿಯನ್ನು ಕೊಲ್ಲುವ ಔಷಧಗಳನ್ನು ಬೇಕಾಬಿಟ್ಟಿಯಾಗಿ, ಅಳತೆ ತಪ್ಪಿಸಿ ಬಳಸಿದ ಕಡೆಗಳಲ್ಲಿ ಅವುಗಳಿಗೆ ಬಗ್ಗದ ಉಣ್ಣಿಗಳು ಉಳಿದು ಬೆಳೆಯುತ್ತವೆ. ಹಾಗಾಗಿ ಪಶುವೈದ್ಯರು ಹೇಳಿದ ಪ್ರಮಾಣ ಮತ್ತು ಅಂತರವನ್ನು ಪಾಲಿಸುವುದು, ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚುವುದು, ಕಾಡಿನಿಂದ ಬಂದ ದನದ ಕಿವಿ, ಕೆಚ್ಚಲು, ಬಾಲದ ಬುಡವನ್ನು ದಿನವೂ ನೋಡುವುದು ಅಗತ್ಯ. ದನದ ಮೈಯಿಂದ ಕಿತ್ತ ಉಣ್ಣಿಯನ್ನು ಬೆರಳುಗಳ ನಡುವೆ ಹಿಸುಕುವ ಅಭ್ಯಾಸ ಹಳ್ಳಿಗಳಲ್ಲಿ ಸಾಮಾನ್ಯ; ಅದರೊಳಗಿನ ದ್ರವ ಕೈಯ ಗೀರುಗಾಯಗಳಿಗೆ ತಗಲುವುದು ಅಪಾಯಕರವಾದ್ದರಿಂದ ಇದನ್ನು ಬಿಡಬೇಕು. ಮನುಷ್ಯನ ಮೈಗೆ ಹತ್ತಿದ ಉಣ್ಣಿಗೆ ಸೀಮೆಎಣ್ಣೆ, ಸುಣ್ಣ ಹಚ್ಚುವುದಾಗಲೀ ಬೀಡಿಯಿಂದ ಸುಡುವುದಾಗಲೀ ಸರಿಯಲ್ಲ. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆದು ತೆಗೆದು, ಜಾಗವನ್ನು ಸೋಪಿನಿಂದ ತೊಳೆಯುವುದೇ ಸರಿಯಾದ ವಿಧಾನ.

ಈ ಭಾಗದ ವೈದ್ಯರಿಗೆ ಎದುರಾಗುವ ನಿಜವಾದ ಕಷ್ಟವೆಂದರೆ ಬೇರೆ ಬೇರೆ ಕಡಿತಗಳು ತರುವ ಜ್ವರಗಳೆಲ್ಲ ಮೊದಲ ದಿನಗಳಲ್ಲಿ ಒಂದೇ ರೀತಿ ಕಾಣುವುದು. ಮಂಗನ ಕಾಯಿಲೆ ಕಡಿತದ ನಂತರ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತಾಗಿ ಜ್ವರ, ಹಣೆನೋವು, ತೀವ್ರ ಮೈಕೈ ನೋವು, ಕೆಂಪಾದ ಕಣ್ಣುಗಳೊಂದಿಗೆ ಶುರುವಾಗುತ್ತದೆ. ಕೆಲವರಲ್ಲಿ ವಸಡು, ಮೂಗು, ಕರುಳಿನಿಂದ ರಕ್ತ ಸೋರುತ್ತದೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರಗಳ ಮೇಲೆ ಮತ್ತೆ ಮರುಕಳಿಸಿ, ಮಿದುಳಿಗೆ ಸಂಬಂಧಿಸಿದ ತೊಂದರೆಗಳು ತಲೆದೋರುತ್ತವೆ. ಸಾವಿನ ಪ್ರಮಾಣ ನೂರಕ್ಕೆ ಮೂರರಿಂದ ಐದು. ಇದಕ್ಕೆ ವೈರಸ್ಸನ್ನು ಕೊಲ್ಲುವ ಔಷಧವಿಲ್ಲ. ನೀರಿನ ಅಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಳ್ಳುವ ಆರೈಕೆಯೇ ಪ್ರಾಣ ಉಳಿಸುತ್ತದೆ. ಸ್ಕ್ರಬ್ ಟೈಫಸ್ ಇದಕ್ಕೆ ತದ್ವಿರುದ್ಧ: ಪೊದೆಗಳಲ್ಲಿರುವ ನುಸಿಮರಿಗಳ ಕಡಿತದಿಂದ ಬರುವ ಈ ಬ್ಯಾಕ್ಟೀರಿಯಾ ಜ್ವರ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಮಣಿಯುತ್ತದೆ, ಆದರೆ ತಡವಾದರೆ ಶ್ವಾಸಕೋಶ, ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತದೆ. ಕಂಕುಳು, ತೊಡೆಸಂದುಗಳಂಥ ಮರೆಯ ಜಾಗದಲ್ಲಿ ಸುಟ್ಟ ಗಾಯದಂಥ ಕಪ್ಪು ಹಕ್ಕಳೆಯೊಂದು ಅದರ ಗುರುತು. ಮೈ ಪೂರ್ತಿ ನೋಡದೆ ಚೀಟಿ ಬರೆದರೆ ಅದು ಕಣ್ತಪ್ಪುತ್ತದೆ. ಇನ್ನು ನೀರಿನ ಕೊರತೆಯಿಂದ ಡ್ರಮ್ಮು, ತೊಟ್ಟಿಗಳಲ್ಲಿ ನೀರು ಕೂಡಿಡುವ ಮನೆಗಳಲ್ಲಿ ಹುಟ್ಟುವ ಈಡಿಸ್ ಸೊಳ್ಳೆಯ ಡೆಂಗ್ಯೂ ಮತ್ತು ಚಿಕೂನ್‌ಗುನ್ಯಾಗಳೂ ಇದೇ ಸಾಲಿನಲ್ಲಿ ನಿಲ್ಲುತ್ತವೆ.

ಮಂಗನ ಕಾಯಿಲೆಗೆ 1990ರಿಂದ ಕರ್ನಾಟಕದಲ್ಲಿ ಲಸಿಕೆ ಕೊಡಲಾಗುತ್ತಿತ್ತು. 2005ರಿಂದ 2010ರವರೆಗಿನ ಮಾಹಿತಿಯ ಮೇಲೆ ನಡೆದ ವಿಶ್ಲೇಷಣೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 62.4ರಷ್ಟು, ಬಲವರ್ಧಕ ಡೋಸನ್ನೂ ಪಡೆದವರಿಗೆ ಶೇ. 82.9ರಷ್ಟು ರಕ್ಷಣೆ ಕಂಡುಬಂದಿತ್ತು. ಚುಚ್ಚಿದಲ್ಲಿ ನೋವು, ಮತ್ತೆ ಮತ್ತೆ ಪಡೆಯಬೇಕಾದ ಡೋಸುಗಳು, ಕ್ರಮೇಣ ಕುಂದಿದ ಪರಿಣಾಮ ಇವುಗಳಿಂದ ಜನರ ವಿಶ್ವಾಸ ಕುಸಿಯಿತು. 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ತಿಳಿದಿರುವ ರೋಗವೊಂದಕ್ಕೆ ನೆಚ್ಚುವಂಥ ಲಸಿಕೆ ಇಷ್ಟು ಕಾಲ ಒದಗದಿದ್ದುದಕ್ಕೆ ವಿಜ್ಞಾನದ ಕಷ್ಟಗಳಷ್ಟೇ ಕಾರಣವಲ್ಲ. ಅದಕ್ಕೆ ತುತ್ತಾಗುವವರು ಸಂಖ್ಯೆಯಲ್ಲಿ ಕಡಿಮೆ, ದನಿಯಲ್ಲಿ ಇನ್ನೂ ಕಡಿಮೆ ಎಂಬುದೂ ಕಾರಣ.

ಲಸಿಕೆ ಬರುವವರೆಗೆ ಉಳಿಯುವ ಅಸ್ತ್ರ ಮುನ್ನೆಚ್ಚರಿಕೆಯೊಂದೇ, ಮತ್ತು ಆ ಎಚ್ಚರಿಕೆಯನ್ನು ಎಲ್ಲರಿಗಿಂತ ಮೊದಲು ಕೊಡುವುದು ಮಂಗ. ಕಾಡಿನಲ್ಲಿ ಸತ್ತ ಮಂಗ ಅರಣ್ಯ ಇಲಾಖೆಯ ವಿಷಯ, ಹಸುವಿನ ಉಣ್ಣಿ ಪಶುಸಂಗೋಪನಾ ಇಲಾಖೆಯ ವಿಷಯ, ಕೂಲಿಯವನ ಜ್ವರ ಆರೋಗ್ಯ ಇಲಾಖೆಯ ವಿಷಯ ಎಂದು ಹಂಚಿಕೊಂಡರೆ ಒಂದೇ ಉಣ್ಣಿಯ ಕಥೆ ಮೂರು ಕಡತಗಳಲ್ಲಿ ತುಂಡಾಗುತ್ತದೆ. ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯವನ್ನು ಒಟ್ಟಿಗೆ ನೋಡುವ ಏಕ ಆರೋಗ್ಯ ಎಂಬ ಪರಿಕಲ್ಪನೆ ಈಗ ಸಭೆಗಳಲ್ಲಿ ಕೇಳಿಬರುತ್ತಿದೆ. ಗುಂಡ್ಲುಪೇಟೆಯ ಮಟ್ಟಿಗೆ ಅದರ ಅರ್ಥ ಸರಳ: ಅರಣ್ಯ ವೀಕ್ಷಕನೊಬ್ಬ ಸತ್ತ ಮಂಗವನ್ನು ಕಂಡ ಸುದ್ದಿ ಅದೇ ದಿನ ಪಶುವೈದ್ಯರಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಹತ್ತಿರದ ಬುಡಕಟ್ಟು ಹಾಡಿಗೂ ತಲುಪಬೇಕು. ಆ ಸುದ್ದಿ ತಲುಪಿದಲ್ಲಿ ಸತ್ತ ಮಂಗದ ಸುತ್ತಲ ಐವತ್ತು ಮೀಟರ್ ನೆಲಕ್ಕೆ ಉಣ್ಣಿನಾಶಕ ಹಾಕುವುದು, ಜನ ಆ ದಾರಿಯನ್ನು ಕೆಲಕಾಲ ಬಿಡುವುದು, ದೇಹವನ್ನು ರಕ್ಷಣಾ ಉಡುಪಿಲ್ಲದೆ ಯಾರೂ ಮುಟ್ಟದಿರುವುದು ಸಾಧ್ಯವಾಗುತ್ತದೆ. ಪಕ್ಕದ ವಯನಾಡು, ನೀಲಗಿರಿ ಜಿಲ್ಲೆಗಳಿಗೂ ಅದೇ ಸುದ್ದಿ ಅದೇ ವೇಗದಲ್ಲಿ ಹೋಗಬೇಕು.

ಕಾಡಂಚಿನ ಊರುಗಳ ಓದುಗರಲ್ಲಿ ಒಂದು ಮನವಿ. ಸತ್ತ ಅಥವಾ ತೂಕಡಿಸುತ್ತಾ ಕುಳಿತ ಮಂಗ ಕಂಡರೆ ಹತ್ತಿರ ಹೋಗದೆ ಕೂಡಲೇ ಅರಣ್ಯ ಸಿಬ್ಬಂದಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಕಾಡಿನಿಂದ ಬಂದ ದಿನ ಬಿಸಿನೀರಿನಲ್ಲಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆದು, ಮಕ್ಕಳ ಮೈಯನ್ನೂ ತಪ್ಪದೆ ನೋಡಿ. ಡಿಸೆಂಬರ್‌ನಿಂದ ಮೇ ತಿಂಗಳ ನಡುವೆ ಜ್ವರ ಬಂದು ವೈದ್ಯರ ಬಳಿಗೆ ಹೋದಾಗ, ಅವರು ಕೇಳದಿದ್ದರೂ, ಕಾಡಿಗೆ ಹೋಗಿದ್ದೆವು ಎಂಬ ಮಾತನ್ನು ಮೊದಲು ಹೇಳಿ.